ಆರನೆಯ ಸೂಜಿ

ಒಂದು, ಎರಡು, ನಾಲ್ಕು, ಎಂಟು, ಹದಿನಾರು.
ಮುಂದಿನದು?

ಪ್ರಶ್ನೆಯ ಪಕ್ಕದಲ್ಲಿ ಐದು ವೃತ್ತಗಳ ಚಿತ್ರವಿತ್ತು.
ಅಂಚಿನ ಮೇಲೆ ಚುಕ್ಕಿಗಳು, ಪ್ರತಿ ಚುಕ್ಕಿಯಿಂದ ಪ್ರತಿ ಚುಕ್ಕಿಗೆ ಗೆರೆ,
ಎಷ್ಟು ಹೋಳಾಯಿತೆಂದು ಕೆಳಗೆ ಲೆಕ್ಕ.
ಆರನೆಯ ವೃತ್ತ ಬರೆದಿರಲಿಲ್ಲ.
ಇದ್ರಿಯಾದ ನಮ್ಮ ಶಾಲೆಯಲ್ಲಿ ಆ ಚಳಿಗಾಲ
ತರಗತಿಗೆ ತರಗತಿಯೇ ಮೂವತ್ತೆರಡು ಎಂದಿತು,
ಕತ್ತಲಲ್ಲಿ ಮೆಟ್ಟಿಲಿಳಿಯುವವರು
ಇನ್ನೊಂದಿದೆಯೆಂದು ಕಾಲಿಡುವ ಹಾಗೆ.

ನೇಜಾ ಮಾತ್ರ ಮೂವತ್ತೊಂದು ಬರೆದಿದ್ದಳು.
ಹೇಗೆಂದು ಹೇಳಿರಲಿಲ್ಲ,
ಪಕ್ಕದಲ್ಲೊಂದು ಹೆಬ್ಬೆರಳಿನ ಮಸುಕು, ಅಷ್ಟೆ.
ನಾನು ಕೆಂಪು ಶಾಯಿಯಲ್ಲಿ ಸೊನ್ನೆ ಸುತ್ತಿದೆ.
ಸರಿಯುತ್ತರಗಳ ಹಾಳೆ ಜಿಲ್ಲಾ ಕಚೇರಿಯಿಂದಲೇ ಬಂದಿತ್ತು,
ಮೊಹರು ಬೇರೆ ಇತ್ತು.

ಮರುದಿನ ಮೇಜಿನ ಬಳಿ ಬಂದು ನಿಂತಳು.
ಅಳಲಿಲ್ಲ. ವಾದಕ್ಕಿಳಿಯಲಿಲ್ಲ.
"ಎಣಿಸಿ ನೋಡಿದಿರಾ ಮೇಷ್ಟ್ರೇ?"

ಇಪ್ಪತ್ತೆರಡು ವರ್ಷ ಲೆಕ್ಕ ಕಲಿಸಿದವನು ನಾನು.
ಎಣಿಸಿರಲಿಲ್ಲ.

ರಾತ್ರಿ ಅಡುಗೆಮನೆಯ ಮೇಜಿನ ಮೇಲೆ ಕೈವಾರ ಊರಿದೆ.
ಅಗಲಿಸಿದ ಕಾಲು ಅಗಲಿಸಿದಷ್ಟೇ ಇರಲಿ,
ವೃತ್ತದ ಅಂಚಿಗೆ ಆರೇ ಹೆಜ್ಜೆ, ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಿಲ್ಲ.
ಎಷ್ಟು ಚೆಂದದ ಚಿತ್ರ! ಹಿಮದ ಹರಳಿನಂತೆ.
ಒಂದೊಂದು ಹೋಳಿಗೂ ನಂಬರು ಕೊಡುತ್ತಾ ಹೋದೆ,
ಮೂವತ್ತಕ್ಕೆ ಹೋಳು ಮುಗಿದವು.
ಮತ್ತೆ ಎಣಿಸಿದೆ. ಮೂವತ್ತು.
ಕಚೇರಿಯದು ಮೂವತ್ತೆರಡು, ಹುಡುಗಿಯದು ಮೂವತ್ತೊಂದು, ನನ್ನದು ಇದು.
ತಟ್ಟೆಯಲ್ಲಿ ಜ್ಲಿಕ್ರೊಫಿ ಕಡುಬು ಆರಿ ಅಂಟಿಕೊಂಡಿತ್ತು.

ಭಾನುವಾರ ಅವರ ಮನೆಗೆ ಹೋದೆ, ಚಿತ್ರ ಮಡಚಿ ಜೇಬಿನಲ್ಲಿಟ್ಟು.
ತಾಯಿ ಯೆರಿಟ್ಸಾ ಲೇಸು ಹೆಣೆಯುತ್ತಿದ್ದಳು.
ದುಂಡು ದಿಂಬಿನ ಮೇಲೆ ಸೂಜಿಗಳ ಕಾಡು,
ಬೆರಳ ಸಂದಿಯಲ್ಲಿ ಮರದ ಕದಿರುಗಳು ಟಕಟಕ.
ನನ್ನ ಚಿತ್ರ ನೋಡಿ ನಕ್ಕಳು:
"ಪುಸ್ತಕದ ಬದನೆಕಾಯಿ. ಬಹಳ ಶಿಸ್ತಾಯಿತು ಇದು."

ದಿಂಬಿನ ಮೂಲೆಯಲ್ಲಿ ಆರು ಸೂಜಿ ಚುಚ್ಚಿ
ಎಲ್ಲದರಿಂದ ಎಲ್ಲಕ್ಕೂ ಬಿಳಿನೂಲು ಎಳೆದಳು.
ನಡುಮಧ್ಯ ಮೂರು ನೂಲು ಒಂದರ ಮೇಲೊಂದು ಕಾಲಿಟ್ಟುಕೊಂಡಿದ್ದವು.
ಒಂದು ಸೂಜಿ ಕಿತ್ತು ಒಂದಿಷ್ಟೇ ಇಷ್ಟು ಪಕ್ಕಕ್ಕೆ ಚುಚ್ಚಿದಳು.
ನೂಲು ಸರಿದವು.
ನಡುವೆ ಒಂದು ತ್ರಿಕೋನ ಕಣ್ಣು ಬಿಟ್ಟಿತು,
ಎಳ್ಳುಕಾಳಿನಷ್ಟು.

"ಮೂವತ್ತೊಂದು," ಅಂದಳು ನೇಜಾ,
ಆಲೂಗಡ್ಡೆ ಸುಲಿಯುತ್ತಿದ್ದ ತಲೆ ಎತ್ತದೆ.

ಮೂವತ್ತೆರಡನೆಯದನ್ನು ನಾನು ಆಮೇಲೂ ಹುಡುಕಿದೆ, ನಾಚಿಕೆ ಬಿಟ್ಟು.
ಸೂಜಿಯನ್ನು ಅತ್ತ ಸರಿಸಿದೆ, ಇತ್ತ ಸರಿಸಿದೆ.
ಕಳೆದುಹೋಗಿದ್ದರೆ ಸಿಗುತ್ತಿತ್ತು.
ಅದು ಇದ್ದದ್ದು ನಮ್ಮ ಬಾಯಲ್ಲಿ,
ಮಗ್ಗಿ ಹೇಳುವ ನಾಲಿಗೆಯ ಓಟದಲ್ಲಿ.

ಅವಳಪ್ಪ ಪಾದರಸದ ಗಣಿಯ ರಾತ್ರಿಪಾಳಿಗೆ ಹೊರಟವನು
ಬೂಟಿನ ದಾರ ಕಟ್ಟುತ್ತಾ ಎಲ್ಲ ಕೇಳಿಸಿಕೊಂಡಿದ್ದ.
ಮೊಳೆಗೆ ನೇತುಹಾಕಿದ ಹಿತ್ತಾಳೆ ಬಿಲ್ಲೆ ತೆಗೆದು ಅಂಗೈಯಲ್ಲಿ ತಿರುವಿ ಅಂದ:
"ನಮ್ಮಲ್ಲಿ ಇಳಿದವರನ್ನು ಎಣಿಸುತ್ತಾರೆ, ಹತ್ತಿದವರನ್ನು ಎಣಿಸುತ್ತಾರೆ.
ನಿನ್ನೆ ಎಷ್ಟಿತ್ತು ಅಂತ ನೋಡಿ
ಇವತ್ತಿನದು ಬರೆಯುವುದಿಲ್ಲ ಮೇಷ್ಟ್ರೇ."
ಬಾಗಿಲು ಎಳೆದುಕೊಂಡು ಹೋದ.

ಹಾಳೆಯ ಮೇಲಿನ ಸೊನ್ನೆಯನ್ನು ಹೊಡೆದುಹಾಕಲಿಲ್ಲ ನಾನು.
ಅದರ ಅಂಚಿಗೆ ಆರು ಚುಕ್ಕಿ ಇಟ್ಟು, ಗೆರೆ ಎಳೆದು,
ಅವಳ ಅಂಕ ಅವಳಿಗೆ ಕೊಟ್ಟೆ.
ಕಚೇರಿಗೆ ಪತ್ರವನ್ನೂ ಬರೆದೆ. ಉತ್ತರ ಬಂದಿಲ್ಲ.

ಆ ಸಂಜೆ ಹೊರಡುವ ಹೊತ್ತಿಗೆ
ಹುಡುಗಿ ಕೈ ಒರೆಸಿಕೊಂಡು ಬಂದಳು,
ತುಟಿಯ ನಡುವೆ ಏಳನೆಯ ಸೂಜಿ.
ಎಷ್ಟಾದೀತೆಂದು ಹೇಳಲು ಬಾಯಿ ತೆರೆದೆ,
ಮುಚ್ಚಿದೆ.
ಕೋಟು ಬಿಚ್ಚಿ ಕುರ್ಚಿಗೆ ಹಾಕಿ
ದೀಪವನ್ನು ಹತ್ತಿರ ಎಳೆದುಕೊಂಡೆ.